ಗಾಳಕ್ಕೆ ಎರೆಹುಳು: ನೆಲ ಕೆಡಿಸದೆ ತೆಗೆಯುವುದು, ಮನೆಯಲ್ಲೇ ಬೆಳೆಸುವುದು

ಭಾನುವಾರ ಬೆಳಗ್ಗೆ ಮಂಡ್ಯದ ಆಸುಪಾಸಿನಲ್ಲಿ ಯಾವ ಉಪನಾಲೆಯ ಪಕ್ಕ ನಡೆದರೂ ಗಾಳ ಹಿಡಿದು ಕೂತವರು ಕಾಣುತ್ತಾರೆ. ಅವರ ಬೆನ್ನ ಹಿಂದೆ ಗುಂಡಿಗಳೂ ಕಾಣುತ್ತವೆ. ಎರೆ ತೆಗೆದು ಹಾಗೇ ಬಿಟ್ಟ ಗುಂಡಿಗಳು. ಮೇಲೆ ಬಂದ ಮಣ್ಣು ಬಿಸಿಲಿಗೆ ಒಣಗಿ ಬಿಳಿಚಿಕೊಂಡಿರುತ್ತದೆ. ಆ ಹೆಂಟೆ ಒಡೆದು ನೋಡಿ. ಒಳಗೆ ಒಣಗಿ ದಾರದಂತಾದ ಸಣ್ಣ ಹುಳುಗಳು ಸಿಗುತ್ತವೆ. ದಪ್ಪ ಹುಳು ಮಾತ್ರ ಆರಿಸಿಕೊಂಡು ಹೋಗಿರುತ್ತಾರೆ, ಸಣ್ಣವು ಅಲ್ಲೇ ಸತ್ತಿರುತ್ತವೆ.

ಮೀನು ಹಿಡಿಯಬೇಡಿ ಅಂತ ನಾನು ಹೇಳುತ್ತಿಲ್ಲ. ನಾನೂ ಚಿಕ್ಕಂದಿನಿಂದ ಗಾಳ ಹಾಕಿದವನೇ. ಒಂದು ಬೆಳಗ್ಗೆ ಕೂತು ಮೀನು ಹಿಡಿಯಲು 20ರಿಂದ 30 ಹುಳು ಸಾಕು. ಅಷ್ಟಕ್ಕೆ ಮಾರುದ್ದ ನೆಲ ಬಗೆದು ಹಾಕುವುದು ಬೇಕಿಲ್ಲ. ನಮ್ಮ ತಾತ ಎರೆ ತೆಗೆದ ಮೇಲೆ ಮಣ್ಣನ್ನು ಪಾದದಲ್ಲೇ ಎಳೆದು ಮುಚ್ಚಿ, ಮೇಲೊಂದು ಹಿಡಿ ಕಬ್ಬಿನ ತರಗು ಹರಡಿ ಬರುತ್ತಿದ್ದರು. ಯಾಕೆ ತಾತ ಅಂತ ಕೇಳಿದರೆ, "ನಾಳೀಕೂ ಬರ್ಬೇಕು ಕನ್ಲಾ ಮಗ" ಅನ್ನುತ್ತಿದ್ದರು. ಈ ಲೇಖನದಲ್ಲಿ ನಾನು ಹೇಳುವುದೆಲ್ಲ ಆ ಒಂದು ಅಭ್ಯಾಸದ ಸುತ್ತಲೇ ಇದೆ.

ಕಡಲ ಕಡೆಯವರಿಗೂ ಇದೇ ಪಾಡು. ಅಲ್ಲಿನ ಎರೆ ಬೇರೆ. ಇಳಿತದ ಹೊತ್ತಿಗೆ ನೀರು ಹಿಂದೆ ಸರಿದಾಗ ಕೆಸರಿನಲ್ಲಿ ಸಿಗುವ ಸಮುದ್ರದ ಹುಳು ಅದು. ಬ್ರಿಟನ್‌ ತೀರಗಳಲ್ಲಿ ಲಗ್‌ವರ್ಮ್, ರ್‍ಯಾಗ್‌ವರ್ಮ್ ಅನ್ನುವ ಹುಳುಗಳನ್ನು ಗಾಳಕ್ಕಾಗಿ ಬಹಳ ಕಾಲದಿಂದ ಅಗೆಯುತ್ತಿದ್ದಾರೆ. ಅಗೆದು ಪಕ್ಕಕ್ಕೆ ಗುಡ್ಡೆ ಹಾಕಿದ ಕೆಸರಿನಡಿ ಚಿಪ್ಪುಜೀವಿಗಳು ಉಸಿರುಗಟ್ಟಿ ಸಾಯುತ್ತವೆ. ಅದಕ್ಕೇ ಅಲ್ಲಿ ತಿಳಿದವರು ಹೇಳುವ ಮೊದಲ ಮಾತು, ಗುಂಡಿ ಮುಚ್ಚಿ ಅಂತ. ದೊಡ್ಡ ರ್‍ಯಾಗ್‌ವರ್ಮ್ ಬದುಕಿನಲ್ಲಿ ಒಂದೇ ಸಲ ಮರಿ ಮಾಡಿ ಸಾಯುವ ಹುಳು. ಅದಕ್ಕೆ ಮೊದಲೇ ತೆಗೆದರೆ ಅದರ ಸಂತಾನ ಅಲ್ಲಿಗೆ ಮುಗಿಯಿತು. ನಮ್ಮ ಎರೆಹುಳು ಹಾಗಲ್ಲ, ಮತ್ತೆ ಮತ್ತೆ ಮೊಟ್ಟೆ ಇಡುತ್ತದೆ. ಸ್ವಲ್ಪ ಬಿಟ್ಟುಕೊಟ್ಟರೆ ಸಾಕು, ತಾನೇ ತುಂಬಿಕೊಳ್ಳುತ್ತದೆ.

ಮೊದಲು ಜಾಗ ನೋಡಿ

ಗುದ್ದಲಿ ಎತ್ತುವ ಮೊದಲು ನೆಲ ನೋಡಿ. ಮಣ್ಣಿನ ಮೇಲೆ ಸಣ್ಣ ಸಣ್ಣ ಉಂಡೆಗಳ ಗುಪ್ಪೆ ಇದ್ದರೆ ಅದು ಎರೆಹುಳುವಿನ ಹಿಕ್ಕೆ. ಬೆರಳಲ್ಲಿ ಒತ್ತಿ. ಮೆತ್ತಗೆ, ಹಸಿಯಾಗಿ ಇದ್ದರೆ ಹುಳು ಮೇಲೆಯೇ ಇದೆ. ಒಣಗಿ ಪುಡಿಯಾದರೆ ಹುಳು ಆಳಕ್ಕೆ ಇಳಿದಿದೆ, ಅಲ್ಲಿ ಸುಮ್ನೆ ಅಗೆಯಬೇಡಿ.

ನಮ್ಮ ಕಡೆ ಒಳ್ಳೆಯ ಜಾಗಗಳು ಯಾವುವು? ಬಚ್ಚಲ ನೀರು ಹರಿದು ಹೋಗುವ ಬಾಳೆ ಬುಡ, ಕೊಟ್ಟಿಗೆಯ ಹಿಂದೆ ಗಂಜಲ ಇಂಗುವ ಮೂಲೆ, ಹಳೇ ತಿಪ್ಪೆಯ ಅಂಚು, ತೆಂಗಿನ ಮರದ ಪಾತಿ, ಕಬ್ಬು ಕಡಿದ ಮೇಲೆ ತರಗು ಕೊಳೆಯುತ್ತಿರುವ ಸಾಲು. ತಿಪ್ಪೆಯಲ್ಲಿ ತೆಗೆದರೆ ನೆಲಕ್ಕೆ ಏನೂ ನಷ್ಟವಿಲ್ಲ. ಅಲ್ಲಿನ ಹುಳು ಮೇಲ್ಮೈಯಲ್ಲೇ ಬದುಕುವ ಜಾತಿ, ಬೇಗ ಬೇಗ ಹೆಚ್ಚುತ್ತದೆ. ಗದ್ದೆಯ ಮಣ್ಣಿನೊಳಗಿನ ಹುಳು ನಿಧಾನ. ಅದರ ಕೆಲಸವೂ ದೊಡ್ಡದು. ಅದು ಕೊರೆದ ದಾರಿಯಲ್ಲೇ ನೀರು, ಗಾಳಿ ಬೇರಿಗೆ ಇಳಿಯುವುದು. ಹಾಗಾಗಿ ನನ್ನ ಮಾತು ಇಷ್ಟೇ, ಮೊದಲು ತಿಪ್ಪೆ, ಆಮೇಲೆ ಬಾಳೆ ಬುಡ. ಬೇಸಾಯ ಮಾಡುವ ಗದ್ದೆ ಕೊನೆಗೆ, ಅದೂ ಗದ್ದೆಯವರನ್ನು ಕೇಳಿಯೇ.

ಔಷಧಿ ಹಾಕಿದ ಗದ್ದೆ ಮುಟ್ಟಲೇಬೇಡಿ. ಕಾರ್ಬೊಫ್ಯುರಾನ್‌ನಂತಹ ಹರಳು ಕೀಟನಾಶಕ ಎರೆಹುಳುವಿಗೆ ಕಡು ವಿಷ. ಹಾಕಿದ ಮೇಲೆ ಹುಳುಗಳು ತಾವಾಗಿಯೇ ಮೇಲೆ ಬಂದು ಹೊರಳಾಡುತ್ತವೆ. ಸುಲಭವಾಗಿ ಸಿಕ್ಕಿತು ಅಂತ ಬಾಚಿಕೊಂಡರೆ, ಅದೇ ವಿಷವನ್ನು ಮೀನಿಗೂ ನಿಮ್ಮ ಕೈಗೂ ಹಚ್ಚಿದ ಹಾಗೆ.

ಎಲ್ಲಿ ಅಗೆಯಲೇಬಾರದು

ಕೆರೆ ಏರಿ, ನಾಲೆಯ ದಡ, ಗದ್ದೆಯ ತೆವರಿ ಅಂದರೆ ಬದು. ಈ ಮೂರು ಜಾಗದಲ್ಲಿ ಒಂದು ಗೇಣು ಗುಂಡಿಯೂ ಬೇಡ.

ನೀರು ಒಂದು ಕಡೆ ಒತ್ತುತ್ತಿರುವಾಗ ಮಣ್ಣಿನ ಗೋಡೆಯಲ್ಲಿ ಸಡಿಲ ಜಾಗ ಸಿಕ್ಕಿದರೆ ನೀರು ಅಲ್ಲೇ ದಾರಿ ಮಾಡುತ್ತದೆ. ಮೊದಲು ಜಿನುಗುತ್ತದೆ. ಜಿನುಗುವ ನೀರು ಮಣ್ಣಿನ ಕಣ ಕಣವನ್ನೇ ಹೊತ್ತುಕೊಂಡು ಹೋಗುತ್ತದೆ. ಬೆಳಗಾಗುವ ಹೊತ್ತಿಗೆ ಬೆರಳಷ್ಟಿದ್ದ ತೂತು ಬಕೆಟ್ ಅಗಲ ಆಗಿರುತ್ತದೆ.

ಇದನ್ನು ನಾನು ಓದಿ ತಿಳಿದದ್ದಲ್ಲ. ಏಳನೇ ಕ್ಲಾಸಿನಲ್ಲಿದ್ದಾಗ ಚಿಕ್ಕಪ್ಪನ ಗದ್ದೆಯ ತೆವರಿಯಲ್ಲಿ ಸಂಜೆ ಎರೆ ಕಿತ್ತೆ. ತೆವರಿ ಮೆತ್ತಗಿತ್ತು, ಒಂದೊಂದು ಹಿಡಿ ಮಣ್ಣಿಗೂ ಎರಡು ಮೂರು ಹುಳು. ಸಂತೋಷಕ್ಕೆ ಉದ್ದಕ್ಕೂ ಕಿತ್ತುಕೊಂಡು ಹೋದೆ, ಮುಚ್ಚಲಿಲ್ಲ. ನಾಟಿ ಹಾಕಿ ಹದಿನೈದು ದಿನವಾಗಿತ್ತು, ಯೂರಿಯಾ ಕೊಟ್ಟು ಎರಡೇ ದಿನ. ರಾತ್ರಿ ತೆವರಿ ಕುಸಿದು ನೀರೆಲ್ಲ ಗೊಬ್ಬರದ ಸಮೇತ ಕೆಳಗಿನ ಗದ್ದೆಗೆ ಹೋಯಿತು. ಆಗ ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು. ಮುಂದಿನ ಸರದಿ ಬರುವ ತನಕ ಗದ್ದೆಗೆ ನೀರಿಲ್ಲ. ಬೆಳಗ್ಗೆ ಚಿಕ್ಕಪ್ಪ ನನ್ನನ್ನು ಕರೆದುಕೊಂಡು ಹೋಗಿ ಆ ಜಾಗ ತೋರಿಸಿದರು. ಬಯ್ಯಲಿಲ್ಲ. ಗುದ್ದಲಿ ಕೈಗೆ ಕೊಟ್ಟು, "ಮಣ್ಣು ಎಳೆದು ತುಳೀತಾ ಬಾ" ಅಂದರು. ಇಬ್ಬರೂ ಮಧ್ಯಾಹ್ನದ ತನಕ ಕಟ್ಟಿದೆವು. ಪೈರಿನ ಬುಡದಲ್ಲಿ ನೆಲ ಸೀಳು ಬಿಡುವುದನ್ನು ಆ ವಾರ ದಿನಾ ಹೋಗಿ ನೋಡಿದೆ. ಅವತ್ತಿನಿಂದ ತೆವರಿಗೆ ಗುದ್ದಲಿ ಹಾಕಿಲ್ಲ.

ಇನ್ನು ರಂಗನತಿಟ್ಟಿನ ಸುತ್ತ, ಮುತ್ತತ್ತಿ ಕಡೆಯ ಕಾವೇರಿ ವನ್ಯಧಾಮದ ಒಳಗೆ ಎರೆ ತೆಗೆಯುವುದೂ ಬೇಡ, ಗಾಳ ಹಾಕುವುದೂ ಬೇಡ. ರಂಗನತಿಟ್ಟು 1940ರಿಂದ ಪಕ್ಷಿಧಾಮ. ಕಾವೇರಿಯ ಬಿಳಿ ಮೀನು, ಅಂದರೆ ಮಹಶೀರ್, ಈಗ ಅಳಿವಿನ ಅಂಚಿಗೆ ಬಂದಿದೆ. ಊರ ಕೆರೆಗಳಲ್ಲಿ ಮೀನಿನ ಹಕ್ಕನ್ನು ಸಾಮಾನ್ಯವಾಗಿ ಗುತ್ತಿಗೆಗೆ ಕೊಟ್ಟಿರುತ್ತಾರೆ. ಗುತ್ತಿಗೆ ಹಿಡಿದವರನ್ನು ಒಂದು ಮಾತು ಕೇಳಿ ಕೂರಿ.

ಯಾವಾಗ ತೆಗೆಯಬೇಕು

ಭರಣಿ, ಕೃತ್ತಿಕೆ ಮಳೆ ಬಿದ್ದ ಮೇಲೆ ಹುಳುಗಳು ಮೇಲೆ ಬರುತ್ತವೆ. ಜೋರು ಮಳೆ ಬಂದ ರಾತ್ರಿಯ ಮರುದಿನ ಬೆಳಕು ಹರಿಯುವ ಮುಂಚೆ ಅಂಗಳಕ್ಕೆ ಬನ್ನಿ, ಅಗೆಯುವ ಕೆಲಸವೇ ಇರುವುದಿಲ್ಲ. ಚರಂಡಿ ಪಕ್ಕ, ಸಿಮೆಂಟ್ ರಸ್ತೆಯ ಮೇಲೆ ಹರಿದಾಡುತ್ತಿರುತ್ತವೆ. ರಸ್ತೆ ಮೇಲೆ ಬಂದವು ಬಿಸಿಲೇರಿದರೆ ಹೇಗೂ ಸಾಯುತ್ತವೆ. ಅವನ್ನು ಆರಿಸಿಕೊಂಡರೆ ನೆಲಕ್ಕೆ ಒಂದು ಚೂರೂ ಹೊರೆಯಿಲ್ಲ. ಎರೆ ತೆಗೆಯುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ರಾತ್ರಿ ಹೋಗುವುದಾದರೆ ಟಾರ್ಚಿನ ಗಾಜಿಗೆ ಕೆಂಪು ಕಾಗದ ಕಟ್ಟಿ. ಎರೆಹುಳುವಿಗೆ ಕಣ್ಣಿಲ್ಲ, ಆದರೆ ಮೈಯೆಲ್ಲ ಬೆಳಕು ಗೊತ್ತಾಗುತ್ತದೆ. ಬಿಳಿ ಬೆಳಕು ಬಿದ್ದ ತಕ್ಷಣ ಬಿಲಕ್ಕೆ ಜಾರಿಕೊಳ್ಳುತ್ತದೆ. ಕೆಂಪು ಬೆಳಕಿಗೆ ಅಷ್ಟಾಗಿ ಬೆದರುವುದಿಲ್ಲ. ಹೆಜ್ಜೆ ಮೆಲ್ಲಗೆ ಇಡಿ, ನೆಲದ ಅದುರು ಅದಕ್ಕೆ ತಿಳಿಯುತ್ತದೆ. ಅರ್ಧ ಮೈ ಬಿಲದೊಳಗೆ ಇರುವ ಹುಳುವನ್ನು ಎಳೆದಾಡಬೇಡಿ. ಹಿಡಿದುಕೊಂಡು ಎರಡು ಕ್ಷಣ ಸುಮ್ಮನಿರಿ. ಅದು ಹಿಡಿತ ಸಡಿಲಿಸಿದಾಗ ಮೆತ್ತಗೆ ಎತ್ತಿ. ಎಳೆದರೆ ತುಂಡಾಗುತ್ತದೆ. ಒಂದು ಹುಳು ಎರಡಾದರೆ ಎರಡೂ ಬದುಕುತ್ತವೆ ಅನ್ನುವುದು ಸುಳ್ಳು. ತಲೆಯ ಕಡೆಯ ತುಂಡು ಅದೃಷ್ಟವಿದ್ದರೆ ಬಾಲ ಬೆಳೆಸಿಕೊಳ್ಳಬಹುದು, ಬಾಲದ ತುಂಡು ಸಾಯುತ್ತದೆ.

ಬೇಸಿಗೆಯಲ್ಲಿ, ಮಾರ್ಚ್, ಏಪ್ರಿಲ್ ಹೊತ್ತಿಗೆ, ಹುಳುಗಳು ಆಳಕ್ಕೆ ಇಳಿದು ಗಂಟಿನ ಹಾಗೆ ಸುತ್ತಿಕೊಂಡು ಮಲಗಿರುತ್ತವೆ. ಅಗೆದು ಹೊರಗೆ ಹಾಕಿದರೆ ಒಣ ಮಣ್ಣಿನಲ್ಲಿ ಮತ್ತೆ ಇಳಿಯಲು ಅವಕ್ಕೆ ಆಗುವುದಿಲ್ಲ. ಆ ಎರಡು ತಿಂಗಳು ಹೊಲದ ನೆಲ ಬಿಟ್ಟುಬಿಡಿ. ಮನೆ ಟಬ್ಬಿನ ಹುಳುವಿಗೆ ಬನ್ನಿ, ಅದನ್ನು ಮುಂದೆ ಹೇಳುತ್ತೇನೆ. ಇಲ್ಲವೇ ರಾಗಿ ಹಿಟ್ಟಿನ ಉಂಡೆ ಚುಚ್ಚಿ. ನಮ್ಮ ಮಾತಿನಲ್ಲಿ ಅದೂ ಎರೆಯೇ ಅಲ್ವಾ!

ಅಗೆಯುವ ಬಗೆ

ಬೇಕಾಗುವ ಸಾಮಾನು ಕಡಿಮೆ. ಒಂದು ಕೈಗುದ್ದಲಿ ಅಥವಾ ಮೊಂಡು ಕೋಲು, ಒಂದು ಹಳೇ ಗೋಣಿ ಚೀಲ, ಒಂದು ತೆಂಗಿನ ಚಿಪ್ಪು.

ತರಗು, ಎಲೆ ಇದ್ದರೆ ಮೊದಲು ಕೋಲಿನಿಂದ ಸರಿಸಿ. ಕೈ ಹಾಕಬೇಡಿ. ಕಬ್ಬಿನ ತರಗಿನಡಿ ಕೊಳಕುಮಂಡಲ ಹಾವು ಮಲಗಿರುವುದು ನಮ್ಮ ಜಿಲ್ಲೆಯಲ್ಲಿ ಹೊಸದಲ್ಲ. ಕೈಯಲ್ಲಿ ಗಾಯ ಇದ್ದರೆ ಪ್ಲಾಸ್ಟಿಕ್ ಕವರ್ ಆದರೂ ಸುತ್ತಿಕೊಳ್ಳಿ. ಗದ್ದೆ ಕೆಸರಿನಿಂದ ಇಲಿ ಜ್ವರ ಬರುತ್ತದೆ.

ಗೋಣಿ ಚೀಲವನ್ನು ನೆನೆಸಿ ಪಕ್ಕದಲ್ಲಿ ಹಾಸಿ. ಒಂದು ಮೊಳ ಅಗಲ, ಒಂದು ಗೇಣು ಆಳದ ಮಣ್ಣನ್ನು ಹೆಂಟೆ ಹೆಂಟೆಯಾಗಿ ಎತ್ತಿ ಆ ಚೀಲದ ಮೇಲೆ ಇಡಿ. ಗುದ್ದಲಿಯನ್ನು ಕೊಚ್ಚುವ ಹಾಗೆ ಬೀಸಬೇಡಿ, ಇಳಿಸಿ ಮೀಟಿ. ಹೆಂಟೆಯನ್ನು ಕೈಯಲ್ಲಿ ಬಿಡಿಸಿ, ಹುಳು ಆರಿಸಿ. ಆಮೇಲೆ ಚೀಲದ ಅಂಚು ಹಿಡಿದು ಎತ್ತಿದರೆ ಮಣ್ಣೆಲ್ಲ ಒಂದೇ ಸಲ ಗುಂಡಿಗೆ ಬೀಳುತ್ತದೆ. ಪಾದದಲ್ಲಿ ಹಗುರವಾಗಿ ಒತ್ತಿ. ಸರಿಸಿದ ತರಗನ್ನು ಮತ್ತೆ ಮುಚ್ಚಿ, ಒಂದು ಚೊಂಬು ನೀರು ಚಿಮುಕಿಸಿ. ಗೋಣಿ ಚೀಲದಿಂದ ಆಗುವ ಲಾಭ ದೊಡ್ಡದು. ಮಣ್ಣು ಬಿಸಿಲಿಗೆ ಹರಡುವುದಿಲ್ಲ, ಸಣ್ಣ ಹುಳು ಒಣಗುವುದಿಲ್ಲ. ಎರೆಹುಳು ಉಸಿರಾಡುವುದು ಚರ್ಮದಿಂದ. ಚರ್ಮ ಒಣಗಿದರೆ ಉಸಿರು ನಿಂತ ಹಾಗೆ.

ಕೆಲವರು ಸೋಪಿನ ಪುಡಿ ಕದಡಿದ ನೀರನ್ನು ನೆಲಕ್ಕೆ ಸುರಿಯುತ್ತಾರೆ. ಚರ್ಮ ಉರಿದು ಹುಳುಗಳೆಲ್ಲ ಮೇಲೆ ಬರುತ್ತವೆ ನಿಜ. ಬೇಕಾದ್ದು ಇಪ್ಪತ್ತು, ಬರುವುದು ಇನ್ನೂರು. ಉಳಿದವು ಅಲ್ಲೇ ಸಾಯುತ್ತವೆ. ಕರೆಂಟ್ ತಂತಿ ಚುಚ್ಚಿ ಎಬ್ಬಿಸುವವರೂ ಇದ್ದಾರೆ. ಹಸಿ ನೆಲದಲ್ಲಿ ನಿಂತು ಕರೆಂಟ್ ಬಿಡುವುದು ಜೀವದ ಜೊತೆ ಆಟ. ಎರಡನ್ನೂ ದಯವಿಟ್ಟು ಮಾಡಬೇಡಿ, ಮಾಡುವವರನ್ನು ಕಂಡರೆ ಬಿಡಿಸಿ ಹೇಳಿ.

ಎಷ್ಟು, ಯಾವುದು

ದೊಡ್ಡ ಹುಳುವಿನ ಕುತ್ತಿಗೆಯ ಹತ್ತಿರ ಒಂದು ಉಬ್ಬಿದ ಪಟ್ಟಿ ಇರುತ್ತದೆ, ಉಂಗುರ ತೊಡಿಸಿದ ಹಾಗೆ. ಅದಿದ್ದರೆ ಹುಳು ಬಲಿತಿದೆ, ಮೊಟ್ಟೆ ಇಡುತ್ತದೆ ಅಂತ. ಎರೆಹುಳುವಿನಲ್ಲಿ ಗಂಡು ಹೆಣ್ಣು ಬೇರೆಯಿಲ್ಲ, ಹಾಗಾಗಿ ಪಟ್ಟಿಯಿರುವ ಪ್ರತಿ ಹುಳುವೂ ಮುಂದಿನ ಬೀಜವೇ. ನಾನು ಇಟ್ಟುಕೊಂಡ ಲೆಕ್ಕ ಹೀಗೆ. ಪಟ್ಟಿಯಿರುವವು ಮೂರು ಸಿಕ್ಕಿದರೆ ಒಂದು ನನಗೆ, ಎರಡು ನೆಲಕ್ಕೆ. ಬೆರಳಿಗಿಂತ ಚಿಕ್ಕದು ಎಲ್ಲವೂ ನೆಲಕ್ಕೆ. ಮಣ್ಣಿನಲ್ಲಿ ನಿಂಬೆ ಬೀಜದ ಆಕಾರದ, ಅದಕ್ಕಿಂತ ಸಣ್ಣ, ಹಳದಿ ಮಿಶ್ರಿತ ಕಂದು ಗುಳಿಗೆ ಕಂಡರೆ ಅದು ಮೊಟ್ಟೆಯ ಕೋಶ. ಒಡೆಯದೆ ಹಾಗೇ ಮುಚ್ಚಿ.

ಒಂದು ಗುಂಡಿಯಲ್ಲಿ ಹತ್ತಕ್ಕಿಂತ ಜಾಸ್ತಿ ತೆಗೆಯಬೇಡಿ. ನಾಲ್ಕೈದು ಜಾಗ ಗುರುತಿಟ್ಟುಕೊಂಡು ಸರದಿಯಲ್ಲಿ ಹೋಗಿ. ಒಮ್ಮೆ ಅಗೆದ ಜಾಗಕ್ಕೆ ಎರಡು ತಿಂಗಳು ಬಿಡುವು ಕೊಡಿ. ಈ ಅಂಕಿಗಳು ಯಾವ ಕಾನೂನೂ ಅಲ್ಲ, ನಮ್ಮ ಹಿತ್ತಲು ವರ್ಷಗಳಿಂದ ಬರಿದಾಗದೆ ಉಳಿದ ಲೆಕ್ಕ.

ಚಿಪ್ಪಿಗೆ ಹಾಕುವಾಗ ಅದೇ ಜಾಗದ ಒಂದು ಹಿಡಿ ಹಸಿ ಮಣ್ಣು ಹಾಕಿ, ಮೇಲೆ ಎಲೆ ಮುಚ್ಚಿ. ನೀರು ತುಂಬಿಸಬೇಡಿ. ಹಿಂದಿನ ದಿನವೇ ತೆಗೆದರೆ ರಾತ್ರಿ ಒದ್ದೆ ತೆಂಗಿನ ನಾರಿನಲ್ಲಿ ಇಡಿ. ಹೊಟ್ಟೆಯ ಮಣ್ಣು ಖಾಲಿಯಾಗಿ ಹುಳು ಗಟ್ಟಿಯಾಗುತ್ತದೆ, ಗಾಳದಿಂದ ಬೇಗ ಕಳಚುವುದಿಲ್ಲ. ಇದರಿಂದಲೇ ಅರ್ಧಕ್ಕರ್ಧ ಹುಳು ಉಳಿಯುತ್ತದೆ.

ಮನೆಯಲ್ಲೇ ಬೆಳೆಸಿ

ವಾರಕ್ಕೊಮ್ಮೆ ಗಾಳ ಹಾಕುವವರಿಗೆ ನಾನು ಹೇಳುವುದು ಇದನ್ನೇ. ಮೈಸೂರಿನ ಬಾಡಿಗೆ ಮನೆಯ ಬಾಲ್ಕನಿಯಲ್ಲೂ ಆಗುತ್ತದೆ.

ಎರಡು ಅಡಿ ಅಗಲದ ಹಳೇ ಪ್ಲಾಸ್ಟಿಕ್ ಟಬ್ಬು ತೆಗೆದುಕೊಳ್ಳಿ. ತಳಕ್ಕೆ ಕಾಯಿಸಿದ ಮೊಳೆಯಿಂದ ಹತ್ತು ಹದಿನೈದು ತೂತು ಹಾಕಿ. ಕೆಳಗೆ ನಾಲ್ಕು ಬೆರಳು ದಪ್ಪ ತೆಂಗಿನ ನಾರು. ಅದರ ಮೇಲೆ ಕತ್ತರಿಸಿದ ಕಬ್ಬಿನ ತರಗು ಅಥವಾ ಒಣಗಿದ ಎಲೆ, ಒಂದು ಗೇಣು. ಅದರ ಮೇಲೆ ಹಳೇ ಸಗಣಿ, ನಾಲ್ಕು ಬೆರಳು. ಹಸಿ ಸಗಣಿ ಹಾಕಬೇಡಿ. ಅದು ಕೊಳೆಯುವಾಗ ಬಿಸಿಯೇರುತ್ತದೆ, ಹುಳು ಬೆಂದು ಹೋಗುತ್ತದೆ. ಹದಿನೈದು ಇಪ್ಪತ್ತು ದಿನ ನೆರಳಿನಲ್ಲಿ ಬಿಟ್ಟ ಸಗಣಿ ಸರಿ. ನೀರು ಚಿಮುಕಿಸಿ ಮೂರು ದಿನ ಬಿಡಿ. ನಾಲ್ಕನೇ ದಿನ ಕೈ ತೂರಿಸಿ ನೋಡಿ, ಒಳಗೆ ತಣ್ಣಗಿದ್ದರೆ ಹುಳು ಬಿಡಬಹುದು.

ಹುಳು ಎಲ್ಲಿಂದ? ಎರೆಗೊಬ್ಬರ ಮಾಡುವ ರೈತರು ಈಗ ಊರೂರಲ್ಲಿ ಇದ್ದಾರೆ. ಕಾಲು ಕೆಜಿ ಕೇಳಿ ತನ್ನಿ, ಸಾಕು. ಅವರ ತೊಟ್ಟಿಯಲ್ಲಿ ಹೆಚ್ಚಾಗಿ ಇರುವುದು ಎರಡು ಜಾತಿ. ಯೂಡ್ರಿಲಸ್ ಅನ್ನುವುದು ಆಫ್ರಿಕಾ ಮೂಲದ ಉದ್ದನೆಯ ಹುಳು. ಐಸೀನಿಯಾ ಅನ್ನುವುದು ಸಣ್ಣ ಕೆಂಪು ಹುಳು. ಗಾಳಕ್ಕೆ ಯೂಡ್ರಿಲಸ್ ಒಳ್ಳೆಯದು, ದಪ್ಪ ಇರುತ್ತದೆ, ನೀರಿನಲ್ಲಿ ಚೆನ್ನಾಗಿ ಹೊರಳಾಡುತ್ತದೆ. ಐಸೀನಿಯಾ ಚುಚ್ಚಿದಾಗ ವಾಸನೆಯ ಹಳದಿ ರಸ ಬಿಡುತ್ತದೆ. ನಮ್ಮ ತಿಪ್ಪೆಯಲ್ಲೇ ಸಿಗುವ, ಬೆಳಕಿಗೆ ಹಿಡಿದರೆ ಮೈ ನೀಲಿಯಾಗಿ ಮಿನುಗುವ ಚುರುಕು ಹುಳುವನ್ನೂ ಬೆಳೆಸಬಹುದು. ಅದು ಈ ನೆಲದ್ದೇ. ನಿಮಗೆ ತಿಪ್ಪೆ ಇದ್ದರೆ ಅದನ್ನೇ ಬೆಳೆಸಿ ಅನ್ನುತ್ತೇನೆ. ಕಾರಣ ಕೊನೆಯಲ್ಲಿ ಗೊತ್ತಾಗುತ್ತದೆ.

ಟಬ್ಬು ನೆರಳಿನಲ್ಲಿರಲಿ. 20ರಿಂದ 30 ಡಿಗ್ರಿ ಶಾಖ ಹುಳುವಿಗೆ ಹಿತ. ಬೇಸಿಗೆಯಲ್ಲಿ ಮೇಲೆ ಒದ್ದೆ ಗೋಣಿ ಹೊದಿಸಿ. ತೇವ ನೋಡಲು ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಬಂದರೆ ಹದ. ನೀರು ಸುರಿದರೆ ಜಾಸ್ತಿಯಾಯಿತು, ಏನೂ ಬರದಿದ್ದರೆ ಒಣಗಿತು. ತರಕಾರಿ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ, ಟೀ ಚರಟ ಹಾಕಬಹುದು. ಉಪ್ಪು, ಖಾರ, ಎಣ್ಣೆ ಇರುವ ಉಳಿಕೆ ಊಟ, ನಿಂಬೆ, ಮಾಂಸ ಬೇಡ.

ಇರುವೆಯ ಕಾಟ ಇದ್ದೇ ಇರುತ್ತದೆ. ಟಬ್ಬನ್ನು ನಾಲ್ಕು ಇಟ್ಟಿಗೆ ಮೇಲಿಟ್ಟು, ಪ್ರತಿ ಇಟ್ಟಿಗೆಯನ್ನೂ ನೀರಿರುವ ತಟ್ಟೆಯಲ್ಲಿ ಇಡಿ. ಇರುವೆ ಪುಡಿ ಉದುರಿಸಿದರೆ ಇರುವೆಗಿಂತ ಮೊದಲು ಹುಳು ಸಾಯುತ್ತದೆ. ಕೋಳಿ ಸಾಕಿದ್ದರೆ ಮೇಲೆ ಜಾಲರಿ ಕಟ್ಟಿ.

ಸುಮಾರು ಎರಡು ತಿಂಗಳಿಗೆ ಹೊಸ ಹುಳುಗಳು ತುಂಬಿಕೊಳ್ಳುತ್ತವೆ. ತೆಗೆಯುವಾಗ ಒಂದಷ್ಟು ಗೊಬ್ಬರವನ್ನು ಬೆಳಕಿನಲ್ಲಿ ಗುಡ್ಡೆ ಮಾಡಿ. ಹತ್ತು ನಿಮಿಷಕ್ಕೆ ಹುಳುಗಳೆಲ್ಲ ಬುಡಕ್ಕೆ ಇಳಿದಿರುತ್ತವೆ. ಮೇಲಿನ ಗೊಬ್ಬರ ಬಾಚಿ ಗಿಡಕ್ಕೆ ಹಾಕಿ, ಬುಡದಲ್ಲಿ ಬೇಕಾದಷ್ಟು ಹುಳು ಆರಿಸಿ. ಉಳಿದದ್ದು ಟಬ್ಬಿಗೆ ವಾಪಸ್.

ದಡದಲ್ಲಿ

ಸಣ್ಣ ಮೀನಿಗೆ, ಪಕ್ಕೆ, ಜಿಲೇಬಿಗೆ, ಇಡೀ ಹುಳು ಬೇಡ. ಅರ್ಧ ಹುಳು, ಸಣ್ಣ ಗಾಳ. ಇಡೀ ಹುಳು ಚುಚ್ಚಿದರೆ ತುದಿ ಕಚ್ಚಿ ಕಚ್ಚಿ ಬಿಡಿಸಿಕೊಂಡು ಹೋಗುತ್ತವೆ. ಕೊರವ, ಹಾವುಮೀನಿಗೆ ದಪ್ಪ ಹುಳುವನ್ನು ಎರಡು ಕಡೆ ಚುಚ್ಚಿ, ಬಾಲ ಸ್ವಲ್ಪ ಅಲ್ಲಾಡಲು ಬಿಡಿ. ಚಿಪ್ಪನ್ನು ನೆರಳಿನಲ್ಲಿಡಿ, ಗಾಳದ ದಾರ ಹಿಡಿದ ಕೈಯಿಂದ ಪದೇ ಪದೇ ಕೆದಕಬೇಡಿ. ನಾಲೆಗೆ ನೀರು ಬಿಡುವ ದಿನ ಇಳಿಜಾರಿನ ಕಲ್ಲು ಚಪ್ಪಡಿಗೆ ಇಳಿಯಲೇಬೇಡಿ. ಪಾಚಿಯ ಮೇಲೆ ಕಾಲು ಜಾರಿದರೆ ಹಿಡಿಯಲು ಏನೂ ಸಿಗುವುದಿಲ್ಲ. ಹರಿದ ನೈಲಾನ್ ದಾರವನ್ನು ಸುತ್ತಿ ಜೇಬಿಗೆ ಹಾಕಿಕೊಳ್ಳಿ, ಕೊಕ್ಕರೆಗಳ ಕಾಲಿಗೆ ಸಿಕ್ಕಿಕೊಳ್ಳುತ್ತದೆ.

ಉಳಿದ ಹುಳುವನ್ನು ನೀರಿಗೆ ಎಸೆಯುವ ಅಭ್ಯಾಸ ಬಹಳ ಜನಕ್ಕಿದೆ. ದಡದ ಪೊದೆಗೆ ಚೆಲ್ಲುವವರೂ ಇದ್ದಾರೆ. ತಿಪ್ಪೆಯ ಹುಳುವಾದರೆ ಊರಿಗೆ ಬಂದು ತಿಪ್ಪೆಗೇ ಬಿಡಿ. ಟಬ್ಬಿನ ಹೊರದೇಶದ ಹುಳುವಾದರೆ ನದಿ ದಡಕ್ಕೆ, ಕಾಡಂಚಿಗೆ ಒಂದನ್ನೂ ಬಿಡಬೇಡಿ. ಅಮೆರಿಕದ ಉತ್ತರ ಭಾಗದ ಕಾಡುಗಳಲ್ಲಿ ಮೀನು ಹಿಡಿಯುವವರು ಚೆಲ್ಲಿ ಹೋದ ಹೊರಗಿನ ಎರೆಹುಳುಗಳು ಹರಡಿ, ನೆಲದ ಎಲೆಹಾಸನ್ನೇ ತಿಂದು ಹಾಕಿವೆ. ಆ ಎಲೆಹಾಸಿನಲ್ಲಿ ಮೊಳೆಯುತ್ತಿದ್ದ ಗಿಡಗಳು ಅಲ್ಲಿ ಕಡಿಮೆಯಾಗಿವೆ. ನಮ್ಮ ಮಣ್ಣಿಗೆ ನಮ್ಮದೇ ಹುಳುಗಳಿವೆ, ಅವುಗಳ ಜಾಗ ಅವಕ್ಕಿರಲಿ.

ಹಾಗಾಗಿ ಚಿಪ್ಪಿಗೆ ಎಲೆ ಮುಚ್ಚಿ, ದಾರ ಕಟ್ಟಿ, ಸೈಕಲ್ಲಿನ ಹ್ಯಾಂಡಲ್ಲಿಗೆ ನೇತುಹಾಕಿಕೊಂಡು ಮನೆಗೆ ತನ್ನಿ. ಟಬ್ಬಿನ ಗೋಣಿ ಸರಿಸಿ ಮೇಲೆ ಸುರಿಯಿರಿ. ಐದು ನಿಮಿಷ ನಿಂತು ನೋಡಿ. ಬದುಕಿರುವವು ಒಂದೊಂದಾಗಿ ಒಳಗೆ ಇಳಿದು ಹೋಗುತ್ತವೆ. ಇಳಿಯದೆ ಮೇಲೆಯೇ ಉಳಿದವನ್ನು ತೆಗೆದು ಗಿಡದ ಬುಡಕ್ಕೆ ಹಾಕಿ ಮಣ್ಣು ಮುಚ್ಚಿ. ಆಮೇಲೆ ಗೋಣಿಗೆ ಒಂದು ಚೊಂಬು ನೀರು ಚಿಮುಕಿಸಿ.